ಅತ್ತೆಯ ಬಯಕೆ, ಗ್ಯಾಸ್‌ಲೈಟಿನ ಬೂದಿ

ಹೊಸ ಮ್ಯಾಂಟಲ್ ಅಂದರೆ ಒಂದು ಪುಟ್ಟ ಬಟ್ಟೆಯ ಚೀಲ, ಹಸುಗೂಸಿನ ಕಾಲುಚೀಲದಷ್ಟು. ಅದನ್ನು ಗ್ಯಾಸ್‌ಲೈಟಿನ ಮೂತಿಗೆ ದಾರದಿಂದ ಕಟ್ಟಿ ಕಡ್ಡಿ ಗೀರಿದರೆ ಮೊದಲು ಕಪ್ಪಗಾಗಿ ಮುದುಡುತ್ತದೆ, ಆಮೇಲೆ ಅಂಚಿನಿಂದ ಬೆಳ್ಳಗಾಗುತ್ತ ಬರುತ್ತದೆ. ಬಟ್ಟೆ ಸುಟ್ಟುಹೋಗಿರುತ್ತದೆ. ಚೀಲ ಮಾತ್ರ ಹಾಗೇ ಇರುತ್ತದೆ, ಬಟ್ಟೆಯ ಆಕಾರದಲ್ಲಿ ನಿಂತ ಬರೀ ಬೂದಿ. ಬೆರಳು ತಾಗಿದರೆ ಸಾಕು, ಇಲ್ಲ. ಆ ಬೂದಿಯೇ ಸೀಮೆಎಣ್ಣೆಯ ಆವಿಯಲ್ಲಿ ಕಾದು ಸುಯ್ಯೆಂದು ಉರಿಯುವಾಗ ಅದರ ಬೆಳಕು ಹೇಗಿರುತ್ತಿತ್ತು ಅಂದರೆ... ಇಷ್ಟು ವರ್ಷವಾಯಿತು, ನನಗೆ ಸರಿಯಾದ ಮಾತು ಇನ್ನೂ ಸಿಕ್ಕಿಲ್ಲ. ಪರ್ಲ್ ಅನ್ನಬಹುದೇನೋ. ಮುತ್ತಿನ ಒಳಗೆ ಕೂತು ಹೊರಗೆ ನೋಡಿದ ಹಾಗೆ. ಆ ಬೆಳಕಿನಲ್ಲಿ ಎಲ್ಲರ ಮುಖವೂ ಸ್ವಲ್ಪ ಕನಸಿನಿಂದ ಎದ್ದು ಬಂದವರ ಮುಖ.

ಸಾಗರದ ಪೇಟೆಯಲ್ಲಿ ನಮ್ಮ ಅಪ್ಪನಿಗೆ ಗ್ಯಾಸ್‌ಲೈಟು ಬಾಡಿಗೆಗೆ ಕೊಡುವ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ. ಜೋಗದ ಕರೆಂಟು ನಮ್ಮ ಪೇಟೆಗೆ ಬಂದಿತ್ತು, ಸುತ್ತಲ ಹಳ್ಳಿಗಳಿಗೆ ಬಂದಿರಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳು. ಶರಾವತಿಗೆ ದೊಡ್ಡ ಅಣೆಕಟ್ಟು ಏಳುತ್ತಿತ್ತು. ಸಾಗರ, ಹೊಸನಗರದ ಕಡೆಯ ಎಷ್ಟೋ ಊರುಗಳು ಮುಳುಗಡೆಯ ಪಟ್ಟಿಯಲ್ಲಿದ್ದವು. "ಮುಳುಗೋದ್ರೊಳಗೆ ಮದುವೆ ಒಂದು ಮುಗಿಸಿಬಿಡುವಾ" ಅಂತ ಆ ಊರಿನವರೆಲ್ಲ ಹೊರಟಿದ್ದರಿಂದ ಅಪ್ಪನ ಅಂಗಡಿಗೆ ಯಾವತ್ತೂ ಇಲ್ಲದ ಗಿರಾಕಿ. ತಲೆ ಮೇಲೆ ಸಿಂಬೆ ಇಟ್ಟು ಗ್ಯಾಸ್‌ಲೈಟು ಹೊತ್ತ ಆಳುಗಳು ಸಾಲಾಗಿ ಗಾಡಿದಾರಿ ಹಿಡಿಯುತ್ತಿದ್ದರು. ಒಂದು ಮದುವೆಗೆ ನಾನೂ ಅಪ್ಪನ ಜೊತೆ ಹೋಗಿದ್ದೆ. ಆ ಮನೆಯ ಬಾಗಿಲು, ಕಿಟಕಿ, ತೊಲೆ ಎಲ್ಲ ಆಗಲೇ ಕಳಚಿ ಹೊಸ ಜಾಗಕ್ಕೆ ಹೋಗಿತ್ತು. ಗೋಡೆಗಳ ನಡುವೆ ಚಪ್ಪರ. ಬಾಗಿಲಿಲ್ಲದ ಬಾಗಿಲಿಗೆ ತೋರಣ. ಗ್ಯಾಸ್‌ಲೈಟಿನ ಬೆಳಕು ಇದ್ದಬದ್ದ ತೂತುಗಳಿಂದೆಲ್ಲ ಹೊರಗೆ ಹರಿದು ಗದ್ದೆಗೆ ಬಿದ್ದು, ಆ ಮನೆಯೇ ಒಂದು ದೊಡ್ಡ ಮ್ಯಾಂಟಲ್ ಹಾಗೆ ಕಾಣುತ್ತಿತ್ತು. ಹೌ ಲವ್ಲಿ, ಅಂದುಕೊಂಡೆ. ಹನ್ನೊಂದು ವರ್ಷ ನನಗೆ. ಕಾನ್ವೆಂಟಿನಲ್ಲಿ ಓದುತ್ತಿದ್ದೆ, ಎಲ್ಲದಕ್ಕೂ ಲವ್ಲಿ ಅನ್ನುವುದನ್ನು ಆಗಷ್ಟೇ ಕಲಿತಿದ್ದೆ.

ಅಂಥದೊಂದು ಮುಳುಗುವ ಊರಿನಿಂದಲೇ ಅತ್ತೆ ಬಂದಿದ್ದು. ಅಪ್ಪನ ಒಬ್ಬಳೇ ತಂಗಿ. ಹೊಸನಗರದ ಕಡೆಗೆ ಕೊಟ್ಟಿತ್ತು. ಎಂಟು ವರ್ಷದಲ್ಲಿ ಎರಡು ಸಲ ಬಸುರಾಗಿದ್ದಳು. ಎರಡೂ ನಿಲ್ಲಲಿಲ್ಲ. ಈಗ ಮೂರನೆಯದು. ಗಂಡನ ಮನೆಯವರು ಹೊಸ ಜಾಗದಲ್ಲಿ ಇನ್ನೂ ಗುಡಿಸಲಲ್ಲಿದ್ದರು. ಅದಕ್ಕೇ ಏಳನೇ ತಿಂಗಳಿಗೇ ತವರಿಗೆ ಕಳಿಸಿದರು. ಗಾಡಿಯಿಂದ ಇಳಿಯುವಾಗ ಎರಡೂ ಕೈಯಲ್ಲಿ ಹೊಟ್ಟೆಯನ್ನು ಹಿಡಿದುಕೊಂಡು, ಮ್ಯಾಂಟಲ್ ಒಡೆಯದ ಹಾಗೆ ಗ್ಯಾಸ್‌ಲೈಟು ಇಳಿಸುತ್ತಾರಲ್ಲ, ಹಾಗೆ ತನ್ನನ್ನು ತಾನೇ ಇಳಿಸಿಕೊಂಡಳು. ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುವುದಕ್ಕೆ ಶುರುಮಾಡಿದರು. ಈ ಸಲ ಮಗು ಉಳಿಯಬೇಕು. ನಮ್ಮ ಮನೆಯಲ್ಲಿ ಆ ವರ್ಷ ಬೇರೆ ಪ್ರಾರ್ಥನೆಯೇ ಇರಲಿಲ್ಲ.

ಅತ್ತೆಗೆ ಬಯಕೆ ಕೇಳುವ ಕೆಲಸ ಅಮ್ಮನದು. "ಎಂತ ತಿನ್ಬೇಕು ಅನ್ಸುತ್ತೇ? ಬಾಯಿ ಬಿಟ್ಟು ಹೇಳು ಮಾರಾಯ್ತಿ."

"ಎಂತದೂ ಬೇಡ ಅತ್ತಿಗೆ."

ಅಮ್ಮ ಮಾವಿನಮಿಡಿ ತಂದಳು, ಕಡುಬು ಮಾಡಿದಳು, ಅಪ್ಪ ಹೊಸನಗರದಿಂದ ಕಿತ್ತಳೆ ತಂದ. ಅತ್ತೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮುರಿದು ಬಾಯಿಗಿಟ್ಟು, ತಟ್ಟೆ ಸರಿಸುತ್ತಿದ್ದಳು. ಅವಳಿಗೆ ಬೇಕಾದ್ದು ಏನೆಂದು ನನಗೊಬ್ಬಳಿಗೆ ಹೇಳಿದಳು. ಹಿತ್ತಲ ಕಟ್ಟೆಯ ಮೇಲೆ ಕೂತು ನನ್ನ ಜಡೆ ಹೆಣೆಯುತ್ತ, ಹಿಂದಿನಿಂದ, ನನ್ನ ಕಿವಿಗೆ:

"ಪುಟ್ಟೀ, ಅಂಗಡೀಲಿ ಒಡೆದ ಮ್ಯಾಂಟ್ಲಿನ ಬೂದಿ ಇರ್ತದಲ್ಲ, ಒಂದು ಚಿಟಿಕೆ ತಂದುಕೊಡ್ತೀಯಾ?"

"ಎಂತಕ್ಕೆ? ಮೂಗುಬೊಟ್ಟು ಉಜ್ಜಕ್ಕಾ?"

"ತಿನ್ನಕ್ಕೆ."

ಬಸುರಿಯರು ಒಲೆಯ ಮಣ್ಣು ತಿನ್ನುತ್ತಾರೆ, ಗೋಡೆಯ ಸುಣ್ಣ ಕೆರೆದು ನೆಕ್ಕುತ್ತಾರೆ, ಇದನ್ನೆಲ್ಲ ನಾನು ಕೇಳಿದ್ದೆ. ಆದರೆ ಮ್ಯಾಂಟಲ್ ಬೂದಿಯ ಬಯಕೆ ಜಗತ್ತಿನಲ್ಲಿ ನಮ್ಮ ಅತ್ತೆಗೊಬ್ಬಳಿಗೇ ಬಂದಿರಬೇಕು. ಅದಕ್ಕೆ ಕಾರಣವಿತ್ತು. ಒಂಬತ್ತು ವರ್ಷದ ಹುಡುಗಿಯಿಂದ ಮದುವೆಯಾಗುವವರೆಗೆ ಅಂಗಡಿಯ ಮ್ಯಾಂಟಲ್‌ಗಳನ್ನೆಲ್ಲ ಕಟ್ಟುತ್ತಿದ್ದವಳು ಅವಳೇ. ಬೆರಳು ಸಪೂರ. ಅಪ್ಪನ ದಪ್ಪ ಬೆರಳಿಗೆ ಬಗ್ಗದ ದಾರ ಅವಳ ಬೆರಳಿಗೆ ಒಂದೇ ಸಲಕ್ಕೆ ಗಂಟು ಬೀಳುತ್ತಿತ್ತು. ಬಾಡಿಗೆಗೆ ಹೋದ ಲೈಟು ಮದುವೆ ಮುಗಿಸಿ ವಾಪಸು ಬರುವಾಗ ಮ್ಯಾಂಟಲ್ ಒಡೆದೇ ಇರುತ್ತಿತ್ತು. ಗ್ಲಾಸಿನ ಬುಡದಲ್ಲಿ ಬಿದ್ದ ಬೂದಿಯನ್ನು ಅವಳು ಬಾಯಲ್ಲಿ ಉಫ್ ಎಂದು ಊದಿ ತೆಗೆಯುತ್ತಿದ್ದಳು. ಉಳಿದದ್ದನ್ನು ಒಂದು ಪೌಡರ್ ಡಬ್ಬಿಗೆ ತಟ್ಟುತ್ತಿದ್ದಳು. ಬೆಳ್ಳಿ ಭರಣಿ, ಮೂಗುಬೊಟ್ಟು, ಅಜ್ಜಿಯ ಕನ್ನಡಕ, ಎಲ್ಲಕ್ಕೂ ಅದರಲ್ಲೇ ಒಪ್ಪ. ಅಷ್ಟು ಚೆನ್ನಾಗಿ ಹೊಳೆಯಿಸುವ ಪುಡಿ ಬೇರೆ ಇರಲಿಲ್ಲ. ಬೆಂಕಿಯಲ್ಲಿ ಸುಟ್ಟು ಬಿಳಿಯಾದ್ದು ವಿಭೂತಿಗೆ ಸಮ ಅಂತ ಅಜ್ಜಿ ಬೇರೆ ಹೇಳಿದ್ದಳಂತೆ. ಹೆದರಿದ ಮಕ್ಕಳ ಹಣೆಗೂ ಅದನ್ನೇ ಹಚ್ಚುತ್ತಿದ್ದರು. ನನ್ನ ಹಣೆಗೂ ಹಚ್ಚಿದ್ದಾರೆ. ಅಷ್ಟು ಪವಿತ್ರವಾದ್ದು, ಅಷ್ಟು ಬೆಳಕು ಕೊಟ್ಟಿದ್ದು, ತಿಂದರೆ ಮಗುವಿಗೆ ಒಳ್ಳೆಯದೇ ಅಲ್ಲವಾ? ನನಗೂ ಹಾಗೇ ಕಂಡಿತು.

ದಿನಾ ಸ್ಕೂಲಿನಿಂದ ಬಂದವಳೇ ಅಂಗಡಿಯ ಡಬ್ಬಿಯಿಂದ ಒಂದು ಚಿಟಿಕೆ ಕಾಗದಕ್ಕೆ ಹಾಕಿ ಪೊಟ್ಟಣ ಕಟ್ಟಿ ಬ್ಯಾಗಿನಲ್ಲಿಟ್ಟುಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಅತ್ತೆ ನಾಲಿಗೆಯ ತುದಿಗೆ ಹಚ್ಚಿಕೊಂಡು ಕಣ್ಣು ಮುಚ್ಚುತ್ತಿದ್ದಳು.

"ಹ್ಯಾಗಿದೆ ಅತ್ತೆ?"

"ಎಂತ ರುಚಿಯೂ ಇಲ್ಲ ಕಣೇ. ಆದ್ರೆ ಒಳಗೆ ಬೆಳಕಾದ ಹಾಗಾಗ್ತದೆ."

ಆಗ ಅವಳ ಮುಖ ನೋಡಬೇಕಿತ್ತು. ಸಂಜೆಯ ಬಿಸಿಲು ದಾಸವಾಳದ ಎಲೆಗಳ ನಡುವಿನಿಂದ ಬಂದು ಅವಳ ಹೊಟ್ಟೆಯ ಮೇಲೆ ಅಲ್ಲಾಡುತ್ತಿತ್ತು. ಒಳಗಿರುವ ಮಗು ಆ ಬೆಳಕನ್ನು ಹಿಡಿಯುವುದಕ್ಕೆ ಕೈ ಚಾಚುತ್ತದೆ ಎಂದು ನಾನು ನಂಬಿದ್ದೆ. ನನ್ನ ಮಟ್ಟಿಗೆ ಆ ಮಗುವನ್ನು ಸಾಕುತ್ತಿದ್ದವಳು ನಾನೇ.

ಒಂದು ಶನಿವಾರ ಅಂಗಡಿಗೆ ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ಖಾಕಿ ಚಡ್ಡಿ, ಮೊಣಕಾಲವರೆಗೆ ಕಾಲುಚೀಲ. ಸರ್ಕಾರದ ಪರವಾಗಿ ಕಲ್ಲು ಮಣ್ಣು ಪರೀಕ್ಷೆ ಮಾಡುವವರು. ತೀರ್ಥಹಳ್ಳಿಯಲ್ಲಿ ತುಂಗೆಯ ಮರಳು ನೋಡಿ ಮುಗಿಸಿ, ಹೊಸನಗರದ ಕಡೆ ಟೆಂಟು ಹಾಕುವುದಕ್ಕೆ ಹೊರಟಿದ್ದರು. ಎರಡು ಗ್ಯಾಸ್‌ಲೈಟು ಬೇಕೆಂದೇ ಸಾಗರದವರೆಗೆ ಬಂದಿದ್ದರು. ಅವರ ಹೆಗಲಿನಲ್ಲಿ ಒಂದು ಬೂದುಬಣ್ಣದ ಪೆಟ್ಟಿಗೆ. ಪೇಟೆಯ ಮೂರು ಜನ ಆಗಲೇ ಸುತ್ತ ನಿಂತಿದ್ದರು.

"ಇದೆಂತ ಸ್ವಾಮಿ, ರೇಡಿಯೋವಾ?"

"ರೇಡಿಯೋ ಅಲ್ಲ. ಭೂಮಿ ಮಾತಾಡೋದನ್ನ ಕೇಳೋ ಪೆಟ್ಟಿಗೆ," ಎಂದು ನಕ್ಕು ಅದರ ಗುಂಡಿ ತಿರುಗಿಸಿದರು. ಟಿಕ್. ಸ್ವಲ್ಪ ಹೊತ್ತು ಬಿಟ್ಟು, ಟಿಕ್. "ಇಷ್ಟು ಎಲ್ಲಾ ಕಡೆ ಇರ್ತದೆ. ಕಲ್ಲಿಂದ, ಮಣ್ಣಿಂದ, ಆಕಾಶದಿಂದ. ಇದು ಜಾಸ್ತಿ ಆದ್ರೆ ಅಲ್ಲಿ ಏನೋ ಇದೆ ಅಂತ ಅರ್ಥ."

ಪೆಟ್ಟಿಗೆಯನ್ನು ಅಂಗಡಿಯ ಹಲಗೆಯ ಮೇಲೆ ಇಟ್ಟರು. ಪಕ್ಕದಲ್ಲಿ ಹೊಸ ಮ್ಯಾಂಟಲ್‌ಗಳ ರಟ್ಟಿನ ಡಬ್ಬ. ಇಟ್ಟಿದ್ದೇ ತಡ, ಬಾಣಲೆಯಲ್ಲಿ ಅರಳು ಸಿಡಿಯುವ ಹಾಗೆ ಪೆಟ್ಟಿಗೆ ಪಟಪಟ ಹೊಡೆದುಕೊಳ್ಳತೊಡಗಿತು. ನಿಂತಿದ್ದವರು ಹಿಂದೆ ಸರಿದರು.

"ಭಲೇ! ಇಷ್ಟು ವರ್ಷ ಮಾರಿದ್ದೀನಿ, ನಮ್ಮ ಮ್ಯಾಂಟ್ಲಿಗೆ ಮಾತು ಬರ್ತದೆ ಅಂತ ಇವತ್ತೇ ಗೊತ್ತಾಗಿದ್ದು," ಅಂದ ಅಪ್ಪ.

ಸಾಹೇಬರಿಗೆ ಉಮೇದು ಬಂತು. ಪೆಟ್ಟಿಗೆಯನ್ನು ಅಪ್ಪನ ಕೈಯ ಹತ್ತಿರ ಹಿಡಿದರು, ಸ್ವಲ್ಪ ಹೆಚ್ಚು ಮಾತಾಡಿತು. ಒಬ್ಬನ ಬೀಡಿಗೆ ಹಿಡಿದರು, ಸುಮ್ಮನಾಯಿತು, ಎಲ್ಲರೂ ನಕ್ಕರು. ಆಗ ನಾನು ಮೆಲ್ಲಗೆ ಒಳಗೆ ಹೋಗುವುದಕ್ಕೆ ಪಕ್ಕದಲ್ಲಿ ಹಾದೆ. ಪೆಟ್ಟಿಗೆ ಪಟಪಟ ಎಂದಿತು. ನಿಂತೆ. ಅವರು ಪೆಟ್ಟಿಗೆಯನ್ನು ನನ್ನ ಸ್ಕೂಲು ಬ್ಯಾಗಿನ ಹತ್ತಿರ ತಂದರು.

"ಬ್ಯಾಗಲ್ಲಿ ಏನಿದೆ ಮರೀ?"

"ನಥಿಂಗ್ ಸರ್."

ಇಂಗ್ಲಿಷಿನಲ್ಲಿ ಹೇಳಿದರೆ ಸುಳ್ಳು ಕಡಿಮೆ ಸುಳ್ಳಾಗುತ್ತದೆ ಅಂತ ಆಗ ಅನ್ನಿಸುತ್ತಿತ್ತು. ಅವರು ಗದರಲಿಲ್ಲ. ಮಕ್ಕಳು ಒಡೆದ ಮ್ಯಾಂಟಲ್ ಆಟಕ್ಕೆ ಇಟ್ಟುಕೊಳ್ಳುತ್ತಾರೆ ಅಂದುಕೊಂಡಿರಬೇಕು. ಅಪ್ಪನ ಕಡೆ ತಿರುಗಿ ಹೇಳಿದರು. ದಕ್ಷಿಣದ ಸಮುದ್ರ ತೀರದಲ್ಲಿ ಒಂದು ತರಹದ ಮರಳಿದೆ. ಅದರಿಂದ ಸೀರಿಯಂ, ಥೋರಿಯಂ ಅಂತ ತೆಗೆಯುತ್ತಾರೆ. ಅದರ ನೀರಿನಲ್ಲಿ ಬಟ್ಟೆ ಅದ್ದಿ ಮ್ಯಾಂಟಲ್ ಮಾಡುತ್ತಾರೆ. ಸೀರಿಯಂ ಬೆಳಕಿಗೆ ಒಪ್ಪ ಕೊಡುತ್ತದೆ. ಪೆಟ್ಟಿಗೆಯಲ್ಲಿ ಟಿಕ್ ಅನ್ನಿಸುವುದು ಅದರ ಜೊತೆಗಾರ ಥೋರಿಯಂ, ಅದು ಬಿಡುವ ಕಣ್ಣಿಗೆ ಕಾಣದ ವಿಕಿರಣ. "ಕೈಲಿ ಮುಟ್ಟಿದ್ರೆ ಭಯ ಇಲ್ಲ. ಒಡೆದಿದ್ದನ್ನ ಬಾಯಲ್ಲಿ ಊದಬೇಡಿ. ಧೂಳು ಒಳಗೆ ಹೋಗಬಾರದು. ಉಣ್ಣೋ ಮೊದಲು ಕೈ ತೊಳೀರಿ."

"ತಿಂದ್ರೆ?" ಅಂದೆ.

ಎಲ್ಲರೂ ಮತ್ತೆ ನಕ್ಕರು. ಸಾಹೇಬರೂ ನಕ್ಕರು. "ಮ್ಯಾಂಟಲ್ ತಿನ್ನೋರು ಯಾರು ಮರೀ?" ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, "ತಿನ್ನಬಾರದು. ಒಳಗೆ ಹೋದದ್ದು ಮೂಳೆಯಲ್ಲಿ ಕೂತರೆ ಹೊರಗೆ ಬರೋದು ಕಷ್ಟ," ಅಂದರು.

ಜೀಪು ಹೋಯಿತು. ನಾನು ಬಚ್ಚಲಿಗೆ ಹೋಗಿ ಆ ದಿನದ ಪೊಟ್ಟಣ ಹಿಡಿದುಕೊಂಡು ನಿಂತೆ. ಅದನ್ನು ಎಲ್ಲಿ ಚೆಲ್ಲುವುದು ಅಂತ ಗೊತ್ತಾಗಲಿಲ್ಲ. ಬಚ್ಚಲ ನೀರು ಬಸಳೆಯ ಬುಡಕ್ಕೆ ಹೋಗುತ್ತದೆ. ಕೊನೆಗೆ ಕಂಪಾಸ್ ಬಾಕ್ಸಿನಲ್ಲಿಟ್ಟೆ. ಹಿತ್ತಲಿನಿಂದ ಅತ್ತೆ ಕರೆಯುತ್ತಿದ್ದಳು, "ಪುಟ್ಟೀ, ತಂದ್ಯಾ?"

"ಇವತ್ತು ಬೂದಿ ಇಲ್ಲ ಅತ್ತೆ."

"ನಾಳೆ?"

"ನಾಳೆಯೂ ಇಲ್ಲ."

"ಓಹೋ. ದೊಡ್ಡ ಮನುಷ್ಯಳಾಗಿಬಿಟ್ಯಲ್ಲ. ಕಾನ್ವೆಂಟಿನ ಅಮ್ಮಾವ್ರಿಗೆ ಅತ್ತೆ ಕೆಲಸ ಎಲ್ಲ ಈಗ ಕೀಳು," ಅಂದು ನಕ್ಕಳು. ಹೊಟ್ಟೆಯ ಮೇಲೆ ಕೈ ಇತ್ತು. ಆ ಕೈ ನೋಡಲಾಗದೆ ಓಡಿಹೋದೆ.

ಸೋಮವಾರ ನನಗೆ ಕನ್ಫೆಷನ್ ಬೇಕಿತ್ತು. ನಮ್ಮ ಕ್ಲಾಸಿನ ಕ್ರಿಶ್ಚಿಯನ್ ಹುಡುಗಿಯರು ಚಾಪೆಲ್ಲಿನಲ್ಲಿ ಪಾದ್ರಿಗೆ ತಪ್ಪು ಹೇಳಿಕೊಳ್ಳುವ ಆ ಮರದ ಗೂಡಿನಿಂದ ಹೊರಬರುವಾಗ ಎಷ್ಟು ಹಗುರವಾಗಿ ಬರುತ್ತಿದ್ದರು! ನನಗೆ ಅದಕ್ಕೆ ಹಕ್ಕಿರಲಿಲ್ಲ. ಅದಕ್ಕೆ ನಮಗೆ ಇಂಗ್ಲಿಷೂ ಸೈನ್ಸೂ ಕಲಿಸುತ್ತಿದ್ದ ಸಿಸ್ಟರ್ ಹತ್ತಿರ ಹೋದೆ. ಕೇರಳದವರು. ಜಗಲಿಯ ಕಂಬದ ಹತ್ತಿರ ಜಪಮಾಲೆ ರಿಪೇರಿ ಮಾಡುತ್ತ ಕೂತಿದ್ದರು. "ಸಿಸ್ಟರ್, ಐ ಹ್ಯಾವ್ ಕಮಿಟೆಡ್ ಎ ಸಿನ್," ಎಂದು ಶುರುಮಾಡಿ, ಎಲ್ಲ ಹೇಳಿ, ಕಂಪಾಸ್ ಬಾಕ್ಸು ತೆಗೆದು ಪೊಟ್ಟಣ ತೋರಿಸಿದೆ.

ಸಿಸ್ಟರ್ ಪೊಟ್ಟಣ ಬಿಚ್ಚಿ ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಅಂತ ಕಾದೆ. ಅವರು, "ಇದು ನಮ್ಮ ಮನೆ ಅಂಗಳ, ಮೋಳೇ," ಅಂದರು, ಮಗಳೇ ಅನ್ನುವುದಕ್ಕೆ ಅವರ ಮಾತು ಅದು.

ಅವರ ತವರು ದೂರದ ಆ ತೀರದಲ್ಲೇ. ಅಲ್ಲಿ ಮರಳು ಕಪ್ಪು. ಮಧ್ಯಾಹ್ನ ಕಾಲಿಟ್ಟರೆ ಬೊಬ್ಬೆ ಬರುವಷ್ಟು ಕಾಯುತ್ತದೆ. ಕಪ್ಪಿನ ನಡುವೆ ಜೇನಿನ ಬಣ್ಣದ ಸಣ್ಣ ಸಣ್ಣ ಹರಳು. ಅದೇ ಮೊನಜೈಟ್, ಸಾಹೇಬರು ಹೇಳಿದ ಸೀರಿಯಂ, ಥೋರಿಯಂ ಎಲ್ಲ ಇರುವುದು ಅದರಲ್ಲೇ. "ಕ್ಲಾಸಿನಲ್ಲಿ ನಾನು ನಿಮಗೆ ರೇರ್ ಅರ್ತ್ಸ್ ಅಂತ ಬರೆಸಿದೆ ಅಲ್ಲ? ರೇರ್ ಅಂತ ಯಾರೋ ಹೆಸರಿಟ್ಟರು. ನಮಗೆ ಅದು ಹಾಸಿಗೆ. ನಾವು ಅದರ ಮೇಲೆ ಹುಟ್ಟಿ, ಮಲಗಿ, ಅದರಲ್ಲಿ ಮನೆ ಕಟ್ಟಿ ಆಡಿದ್ದು." ಅವರ ಅಮ್ಮ ಬುಟ್ಟಿಯಲ್ಲಿ ಮರಳು ತುಂಬಿ ತಲೆಯ ಮೇಲೆ ಹೊತ್ತು ಶೆಡ್ಡಿಗೆ ಹಾಕುವ ಕೆಲಸಕ್ಕೆ ಹೋಗುತ್ತಿದ್ದರಂತೆ. ಬಸುರಿಯಾಗಿದ್ದಾಗಲೂ. ಊರಿನ ಹೆಂಗಸರೆಲ್ಲ ಹಾಗೇ. ಮರಳು ತೆಗೆದ ಕಡೆ ದಂಡೆ ತಗ್ಗಾಯಿತು, ಸಮುದ್ರ ಒಳಗೆ ಬಂತು, ದೋಣಿ ಎಳೆದಿಡುವ ಜಾಗ ಹೋಯಿತು.

"ಅಲ್ಲಿಯ ಮಕ್ಕಳು ಉಳಿದರಾ ಸಿಸ್ಟರ್?"

ಅವರು ಜಪಮಾಲೆಯ ಮಣಿಯೊಂದನ್ನು ಬೆರಳಲ್ಲಿ ಹಿಡಿದುಕೊಂಡೇ ಇದ್ದರು. "ನಾನು ಉಳಿದೆ," ಅಂದರು. "ಅಮ್ಮನಿಗೆ ಬರೆದು ಕೇಳ್ತೇನೆ. ಆದರೆ ನೀನು ಇವತ್ತೇ ಮನೆಗೆ ಹೋಗಿ ಅತ್ತೆಗೆ ಹೇಳಬೇಕು. ಅದೇ ನಿನ್ನ ಪೆನನ್ಸ್, ಪ್ರಾಯಶ್ಚಿತ್ತ. ಪ್ರಾಮಿಸ್?"

ಅತ್ತೆಗೆ ಹೇಳಿದೆ. ಹೇಗೆ ಹೇಳಿದೆ ನೆನಪಿಲ್ಲ. ಅಳು ಮಾತ್ರ ನೆನಪಿದೆ. ಅವಳು ಅಳಲಿಲ್ಲ. ನನ್ನ ಕೈ ಎಳೆದು ತನ್ನ ಹೊಟ್ಟೆಯ ಪಕ್ಕಕ್ಕೆ ಇಟ್ಟುಕೊಂಡು, "ಇಲ್ಲಿ ನೋಡು. ಒದೀತಿದೆ. ಗೊತ್ತಾಯ್ತಾ? ಕೇಳಿದ್ದು ನಾನು. ತಂದಿದ್ದಷ್ಟೇ ನೀನು. ನೀನೆಂತಕ್ಕೆ ಅಳೋದು, ಹುಚ್ಚುಮುಂಡೇದೇ?" ಅಂದಳು. ಒದೆತ ಗೊತ್ತಾಯಿತು. ಒಳಗಿನಿಂದ ಯಾರೋ ಮೆಲ್ಲಗೆ ಬಾಗಿಲು ತಟ್ಟಿದ ಹಾಗೆ.

ಆದರೆ ಸಂಜೆ ಅವಳು ಅಂಗಡಿಯ ಒಳಬಾಗಿಲಿಗೆ ಬಂದು ನಿಂತಳು. ಅಪ್ಪ ಒಂದು ಗ್ಲಾಸು ಒರೆಸುತ್ತಿದ್ದ.

"ಅಣ್ಣಯ್ಯಾ, ನನ್ನ ಹತ್ರ ಎಷ್ಟು ವರ್ಷ ಮ್ಯಾಂಟ್ಲು ಕಟ್ಟಿಸಿದ್ಯೋ?"

"ನಿನ್ನ ಮದುವೆವರೆಗೂ. ನಿನ್ನಂಥ ಕೈ ಆಮೇಲೆ ಸಿಗಲೇ ಇಲ್ಲ ಈ ಅಂಗಡಿಗೆ."

"ಬೂದಿ ಊದಿದ್ದೂ ನಾನೇ ಅಲ್ಲನಾ?"

ಅಪ್ಪನ ಕೈ ನಿಂತಿತು. ಸಾಹೇಬರು ಹೇಳಿದ್ದು ಅವನಿಗೆ ನೆನಪಿತ್ತು. ನಿಲ್ಲದೆ ಹೋದ ಆ ಎರಡು ಮಕ್ಕಳೂ ಆ ಕ್ಷಣದಲ್ಲಿ ಅವನಿಗೆ ನೆನಪಾಗಿರಬೇಕು. ಇದರಿಂದಲೇ ಅಂತ ಯಾರು ಹೇಳಬಲ್ಲರು? ಅಲ್ಲ ಅಂತಲೂ ಯಾರು ಹೇಳಬಲ್ಲರು? "ಗೊತ್ತಿರಲಿಲ್ಲ ಕೂಸೇ," ಅಂದ. ಮೂವತ್ತರ ಹತ್ತಿರದ ತಂಗಿಯನ್ನು ಕೂಸೇ ಅಂತ ಅವನು ಕರೆದದ್ದು ನಾನು ಅದೇ ಮೊದಲು ಕೇಳಿದ್ದು. ಅತ್ತೆ ಒಳಗೆ ಹೋದಳು. ಮಾರನೆಯ ದಿನದಿಂದ ಅಂಗಡಿಯಲ್ಲಿ ಗ್ಲಾಸನ್ನು ಒದ್ದೆ ಬಟ್ಟೆಯಲ್ಲೇ ಒರೆಸುವುದು. ಯಾರೂ ಊದುವ ಹಾಗಿಲ್ಲ. ಮ್ಯಾಂಟಲ್‌ಗಳನ್ನು ಅಪ್ಪನೇ ಕಟ್ಟುತ್ತಿದ್ದ, ದಪ್ಪ ಬೆರಳಿನಲ್ಲಿ, ಮೂರಕ್ಕೆ ಒಂದು ಹಾಳುಮಾಡುತ್ತ.

ಆಮೇಲಿನ ದಿನಗಳೆಲ್ಲ ನನಗೆ ನೀರಿನೊಳಗೆ ನಡೆದ ಹಾಗೆ ನೆನಪು. ಕಾಗದಕ್ಕೆ ಕಾಯುವುದು, ಮಗುವಿಗೆ ಕಾಯುವುದು. ಅತ್ತೆ ದಿನಾ ಬೆಳಿಗ್ಗೆ ಎದ್ದು ಮೊದಲು ಮಗು ಅಲ್ಲಾಡಿತಾ ನೋಡುತ್ತಿದ್ದಳು. ಅಲ್ಲಾಡಿದರೆ ಗೋಡೆಗೆ ಕುಂಕುಮದ ಒಂದು ಬೊಟ್ಟು. ಬೊಟ್ಟುಗಳ ಸಾಲು ಕಿಟಕಿಯವರೆಗೆ ಹೋಯಿತು. ಬಯಕೆ ಹೋಗಿರಲಿಲ್ಲ. ಅಂಗಡಿಯಿಂದ ಲೈಟು ಹೊತ್ತಿಸುವ ಸದ್ದು ಬಂದರೆ ಅವಳು ಜೊಲ್ಲು ನುಂಗಿಕೊಳ್ಳುವುದು ಕಾಣುತ್ತಿತ್ತು. ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು.

ಸಿಸ್ಟರ್ ಅಮ್ಮನ ಕಾಗದ ಬಂತು. ಓದು ಬರಹ ಬಾರದ ಅಮ್ಮ, ಯಾರಿಂದಲೋ ಬರೆಸಿದ್ದು. ಸಿಸ್ಟರ್ ಜಗಲಿಯ ಮೇಲೆ ನನ್ನನ್ನು ಕೂರಿಸಿಕೊಂಡು ಮಲಯಾಳಂ ಓದಿ, ಒಂದೊಂದು ಸಾಲಿಗೂ ಕನ್ನಡ ಹೇಳುತ್ತ ಹೋದರು. ಆ ಮರಳಿನ ಮೇಲೆ ಏಳು ಹೆತ್ತೆ. ಎರಡು ಹೋದವು. ಮರಳಿನಿಂದ ಹೋದವೋ, ಹೊಟ್ಟೆಗಿಲ್ಲದೆ ಹೋದವೋ, ನನಗೆ ಗೊತ್ತಿಲ್ಲ, ಕೇಳಿದ ಡಾಕ್ಟರೂ ಇರಲಿಲ್ಲ. ಐದು ಉಳಿದವು, ಅದರಲ್ಲಿ ನೀನು ಒಬ್ಬಳು. ಆ ಬಸುರಿ ಹುಡುಗಿಗೆ ಹೆದರಬೇಡ ಅಂತ ಹೇಳು, ತಿನ್ನಬೇಡ ಅಂತಲೂ ಹೇಳು. ಈಗ ಅಗೆಯುವುದು ನಮ್ಮ ಬೇಲಿಗೆ ಬಂದಿದೆ. ಬಾವಿ ಉಪ್ಪಾಯಿತು. ನಿನ್ನ ಅಪ್ಪ ನೆಟ್ಟ ತೆಂಗಿನ ಮರ ಎರಡೂ ಬಿದ್ದವು. ನಾವು ಬೇರೆ ಕಡೆ ಹೋಗುತ್ತೇವೆ. ಹೊಸ ಜಾಗದ ವಿಳಾಸ ಗೊತ್ತಾದ ಮೇಲೆ ಬರೆಸುತ್ತೇನೆ.

ಕಾಗದ ಮಡಿಸಿ ಸಿಸ್ಟರ್ ಮುಖ ತಿರುಗಿಸಿಕೊಂಡರು. ನನಗೆ ನಾಚಿಕೆಯಾಯಿತು. ನಾನು ಅತ್ತೆಯ ಮಗುವಿನ ಸುದ್ದಿಯನ್ನಷ್ಟೇ ಕೇಳಿಸಿಕೊಂಡಿದ್ದೆ, ಅವರ ಮನೆ ಹೋದದ್ದನ್ನು ಕೇಳಿಸಿಕೊಂಡಿರಲಿಲ್ಲ.

ಮನೆಗೆ ಬಂದು ಅತ್ತೆಗೆ ಕಾಗದವನ್ನೆಲ್ಲ ಹೇಳಿದೆ. ಅವಳು ತೆಂಗಿನ ಮರದ ಮಾತನ್ನು ಎರಡು ಸಲ ಹೇಳಿಸಿಕೊಂಡಳು. "ಅವ್ರೂ ಮುಳುಗಡೆಯವ್ರೇ ಅಂತಾಯ್ತು," ಅಂದಳು. ಆಮೇಲೆ ಮೆಲ್ಲಗೆ, "ನಮ್ಮೂರು ಮುಳುಗಿಸಿ ಕರೆಂಟು. ಅವ್ರೂರು ಅಗೆದು ಗ್ಯಾಸ್‌ಲೈಟು. ಬೆಳಕಿನ ಹಣೆಬರಹವೇ ಹಿಂಗೋ ಎಂತೋ."

ಮಗು ಒಂದು ಮಧ್ಯಾಹ್ನ ಹುಟ್ಟಿತು. ಬೇಸಗೆಯ ನಡು, ಬಿಳೀ ಬಿಸಿಲು. ನನ್ನನ್ನು ಅಂಗಡಿಗೆ ಅಟ್ಟಿದ್ದರು. ಅಪ್ಪ ಹಚ್ಚುವ ಅಗತ್ಯವೇ ಇಲ್ಲದ ಲೈಟಿಗೆ ಒಂದರ ಮೇಲೊಂದು ಮ್ಯಾಂಟಲ್ ಕಟ್ಟುತ್ತ, ಹಾಳುಮಾಡುತ್ತ ಕೂತಿದ್ದ. ಒಳಗಿನಿಂದ ಅಳು ಕೇಳಿದಾಗ ಅವನ ಕೈಯಲ್ಲಿದ್ದ ದಾರ ಒಂದೇ ಸಲಕ್ಕೆ ಗಂಟು ಬಿತ್ತು. ಅದನ್ನು ಅವನು ಆಶ್ಚರ್ಯದಿಂದ ನೋಡಿದ್ದು ನನಗೆ ಈಗಲೂ ಕಾಣುತ್ತದೆ. ಹೆಣ್ಣು. ಕೆಂಪಗೆ, ಸಣ್ಣಗೆ, ಮುಷ್ಟಿ ಬಿಗಿದುಕೊಂಡು. ಬೆರಳೆಲ್ಲ ಸರಿಯಾಗಿದೆಯಾ ಅಂತ ನಾನು ಮೂರು ಸಲ ನೋಡಿದೆ. ಅಮ್ಮ ಗದರಿದಳು, "ಕೂಸಿಗೆ ದೃಷ್ಟಿ ಆಗ್ತದೆ, ಆಚೆ ಹೋಗು."

ಅತ್ತೆಯ ಭಯ ಮಾತ್ರ ಹೋಗಲಿಲ್ಲ. ಹಾಲು ಕುಡಿದು ಮಲಗಿದ ಮಗುವಿನ ಎದೆಗೆ ಕಿವಿ ಇಟ್ಟು ಕೇಳುತ್ತಿದ್ದಳು. ಎದೆಬಡಿತ ಕೇಳುತ್ತಿದ್ದಾಳೆ ಅಂತ ಉಳಿದವರು ಅಂದುಕೊಂಡರು. ಅವಳು ಕೇಳುತ್ತಿದ್ದದ್ದು ಬೇರೆ. ಅವಳಿಗೆ ನಾನು ಪೆಟ್ಟಿಗೆಯ ಪಟಪಟವನ್ನು ಬಾಯಲ್ಲಿ ಮಾಡಿ ತೋರಿಸಿದ್ದೆ. ಅದೇ ನನ್ನ ಇನ್ನೊಂದು ತಪ್ಪು.

ಬಾಣಂತನ ಮುಗಿಯುವ ಹೊತ್ತಿಗೆ ಸಾಹೇಬರು ಲೈಟು ವಾಪಸು ಕೊಡುವುದಕ್ಕೆ ಬಂದರು. ಮಳೆ ಹಿಡಿಯುವ ಮೊದಲು ಟೆಂಟು ಕಿತ್ತಿದ್ದರು. ಜೀಪಿನ ಸದ್ದು ಕೇಳಿದ್ದೇ ಅತ್ತೆ ತಲೆಗೆ ಬಟ್ಟೆ ಕಟ್ಟಿಕೊಂಡವಳು ಹಾಗೇ ಮಗುವನ್ನು ಎತ್ತಿಕೊಂಡು ಅಂಗಡಿಗೆ ಬಂದಳು. ಬಾಣಂತಿ ಬೀದಿಬಾಗಿಲಿಗೆ! ಅಮ್ಮ ಹಿಂದಿನಿಂದ ಸೆರಗು ಎಳೆದರೂ ಕೇಳಲಿಲ್ಲ. ಮಗುವನ್ನು ಬಟ್ಟೆ ಸಮೇತ ಹಲಗೆಯ ಮೇಲೆ ಮಲಗಿಸಿದಳು. ಹೊಸ ಮ್ಯಾಂಟಲ್‌ಗಳ ಡಬ್ಬವನ್ನು ಅಪ್ಪ ಆಗಲೇ ಎತ್ತಿ ಬೀದಿಯ ಆ ಕಡೆ ಇಟ್ಟು ಬಂದಿದ್ದ.

"ಸಾಹೇಬ್ರೆ, ನಿಮ್ಮ ಪೆಟ್ಟಿಗೆ ಹಿಡೀರಿ. ನಮ್ಮ ಕೂಸು ಎಂತ ಹೇಳ್ತದೆ ಕೇಳ್ಬೇಕು."

ಸಾಹೇಬರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಬ್ಯಾಗು ಅವರಿಗೆ ನೆನಪಾಯಿತು ಅಂತ ಕಾಣುತ್ತದೆ. ಒಂದೂ ಪ್ರಶ್ನೆ ಕೇಳದೆ ಪೆಟ್ಟಿಗೆ ಬಿಚ್ಚಿ ಗುಂಡಿ ತಿರುಗಿಸಿ, ಹೊಟ್ಟೆಯ ಹತ್ತಿರ, ಎದೆಯ ಹತ್ತಿರ, ಕಾಲಿನ ಹತ್ತಿರ ಮೆಲ್ಲಗೆ ತಂದರು.

ಟಿಕ್.

ಮಗು ಕಣ್ಣು ಬಿಟ್ಟು ಪೆಟ್ಟಿಗೆ ನೋಡುತ್ತಿತ್ತು.

ಟಿಕ್.

ಸೂರಿನಿಂದ ಮಳೆಯ ಕೊನೆಯ ಹನಿ ಬೀಳುವಷ್ಟು ನಿಧಾನ. ಬಹಳ ಹೊತ್ತು ಹಿಡಿದರು. ಅದೇ ನಿಧಾನ.

"ಕಲ್ಲು, ಆಕಾಶ ಎಷ್ಟು ಮಾತಾಡ್ತದೋ ಅಷ್ಟೇ ಅಮ್ಮಾ," ಅಂದರು. ಆಮೇಲೆ ಅವರಿಗೇ ಸಮಾಧಾನವಾಗದೆ, "ಈ ಪೆಟ್ಟಿಗೆಗೆ ಎಲ್ಲಾ ಕೇಳಿಸೋದಿಲ್ಲ. ತುಂಬ ಸ್ವಲ್ಪ ಇದ್ದರೆ ಕೇಳಿಸೋದಿಲ್ಲ. ಸುಳ್ಳು ಹೇಳಬಾರದಲ್ಲ," ಎಂದರು.

"ಸಾಕು," ಅಂದಳು ಅತ್ತೆ. "ಅಷ್ಟು ಕೇಳಿಸಿದ್ದೇ ಸಾಕು." ಮಗುವನ್ನು ಎತ್ತಿಕೊಂಡಳು. ಹೋಗುವವಳು ತಿರುಗಿ ಅಂಗಡಿಯ ಆ ತುದಿಯ ಗೂಡಿನಿಂದ ಆ ಹಳೇ ಪೌಡರ್ ಡಬ್ಬಿ ತೆಗೆದು ಅವರ ಮುಂದಿಟ್ಟಳು. "ಇದನ್ನ ತಗೊಂಡು ಹೋಗಿ. ಬಂದಲ್ಲಿಗೇ ಮುಟ್ಟಿಸಿ."

ಸಾಹೇಬರು ಡಬ್ಬಿ ಮುಟ್ಟಲಿಲ್ಲ. "ನಮ್ಮದು ಹುಡುಕೋ ಕೆಲಸ ಅಮ್ಮಾ. ಇಟ್ಟುಕೊಳ್ಳೋ ಕೆಲಸ ಅಲ್ಲ."

ಹಾಗಾಗಿ ಡಬ್ಬಿ ನಮ್ಮಲ್ಲೇ ಉಳಿಯಿತು. ಎಲ್ಲಿ ಹಾಕುವುದು ಅಂತ ಮನೆಯಲ್ಲಿ ಎಷ್ಟು ದಿನ ಮಾತು! ಹೊಳೆಗೆ ಅಂದರೆ, ವರದಾ ಹೊಳೆ ಹುಟ್ಟುವ ವರದಮೂಲದಿಂದ ಕೆಳಗೆ ಎಷ್ಟು ಊರು ಆ ನೀರು ಕುಡಿಯುತ್ತವೆ. ಬಾವಿ, ಕೆರೆ ಎಂಬ ಮಾತೇ ಇಲ್ಲ. ತಿಪ್ಪೆಗೆ ಹಾಕಿದರೆ ಗೊಬ್ಬರವಾಗಿ ಗದ್ದೆಗೆ ಹೋಗುತ್ತದೆ. "ಹ್ಯಾಗೂ ಮುಳುಗೋ ಊರು, ಅಲ್ಲೇ ಎಲ್ಲಾದ್ರೂ ಹಾಕಿದ್ರೆ?" ಅಂದಳು ಅಮ್ಮ. ಅತ್ತೆ ತಿರುಗಿ ನೋಡಿದಳು. "ನಮ್ಮನೆ ಮೇಲಾ ಅತ್ತಿಗೆ?" ಕೊನೆಗೆ ಅಪ್ಪ ಡಬ್ಬಿಯ ಬಾಯಿಗೆ ಅರಗು ಮೆತ್ತಿ, ಅಂಗಡಿಯ ನೆಲದ ಒಂದು ಹಾಸುಗಲ್ಲು ಎಬ್ಬಿಸಿ, ತಾನು ಕೂರುವ ಜಾಗದ ಕೆಳಗೇ ಹೂತ. ಆಮೇಲೆ ಅಂಗಡಿ ಮುಚ್ಚುವವರೆಗೆ ಅದರ ಮೇಲೇ ಕೂತ.

ಊರೂರಿಗೆ ಕರೆಂಟು ಬಂದು ಅಂಗಡಿ ಹೋಯಿತು. ಸಿಸ್ಟರ್ ವರ್ಗವಾಗಿ ಹೋದರು. ಅವರ ಅಮ್ಮನ ಹೊಸ ವಿಳಾಸ ಬಂತೋ ಇಲ್ಲವೋ ನನಗೆ ತಿಳಿಯಲಿಲ್ಲ. ಐ ನೆವರ್ ಆಸ್ಕ್ಡ್. ಹೋದ ವರ್ಷ ಸಾಗರಕ್ಕೆ ಹೋದಾಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು. ಸಿಸ್ಟರ್ ಬರೆಸಿದ ರೇರ್ ಅರ್ತ್ಸನ್ನು ಈಗ ಪೇಪರಿನಲ್ಲಿ ವಿರಳ ಭಸ್ಮ ಅಂತ ಬರೆಯುತ್ತಾರೆ. ಫೋನಿನಲ್ಲಿ, ಕಾರಿನಲ್ಲಿ, ಗಾಳಿಯಂತ್ರದಲ್ಲಿ ಎಲ್ಲ ಅದೇ ಬೇಕಂತೆ. ಎಲ್ಲೆಲ್ಲಿ ಅಗೆಯಬೇಕು ಅಂತ ದೇಶದೇಶಗಳ ನಡುವೆ ಜಗಳವಂತೆ. ಅಗೆದು ಉಳಿದದ್ದನ್ನು ಎಲ್ಲಿಡುವುದು ಅನ್ನುವುದು ಸುದ್ದಿಯ ಕೊನೆಯ ಸಾಲಿನಲ್ಲಿ ಬರುತ್ತದೆ, ಬಂದರೆ. ಅಂಗಡಿಯ ಹುಡುಗಿ ಫೋನುಗಳ ಗಾಜು ಒರೆಸುತ್ತಿದ್ದಳು. ಅವಳ ಕಾಲಿನ ಕೆಳಗೆ ಟೈಲ್ಸು, ಅದರ ಕೆಳಗೆ ಹಾಸುಗಲ್ಲು, ಅದರ ಕೆಳಗೆ ನಮ್ಮ ಡಬ್ಬಿ. ಹೇಳೋಣ ಅನ್ನಿಸಿತು. "ಏನು ಬೇಕಿತ್ತು ಆಂಟಿ?" ಅಂದಳು. "ನಥಿಂಗ್," ಅಂದೆ, ಮತ್ತೆ.

ಅತ್ತೆ ಮುದುಕಿಯಾಗಿ, ಮೊಮ್ಮಕ್ಕಳನ್ನು ನೋಡಿಯೇ ಹೋದಳು. ಮತ್ತೆ ಹೆರಲಿಲ್ಲ. ಆ ಒಂದು ಮಗುವಿಗೆ ಈಗ ಅರವತ್ತು ದಾಟಿದೆ, ಮಂಡಿನೋವು, ಸ್ವಲ್ಪ ಬಿ.ಪಿ. ಹೊಸನಗರದ ಹತ್ತಿರ ಇದ್ದಾಳೆ, ಮುಳುಗಡೆಯವರಿಗೆ ಕೊಟ್ಟ ಆ ಹೊಸ ಜಾಗದಲ್ಲೇ. ಅದನ್ನು ಇನ್ನೂ ಹೊಸ ಜಾಗ ಅಂತಲೇ ಕರೆಯುತ್ತಾರೆ. ಸಂಜೆಯ ಹೊತ್ತು ಫೋನ್ ಮಾಡಿದರೆ ಅದೂ ಇದೂ ಮಾತಾಡಿ, ಇಡುವ ಮೊದಲು ಸಣ್ಣ ಮಗುವಿನ 'ಕಥೆ ಹೇಳು' ಅನ್ನುವ ದನಿಯಲ್ಲಿ ಕೇಳುತ್ತಾಳೆ.

"ಅಕ್ಕಾ, ನಾನು ಹ್ಯಾಗೆ ಸದ್ದು ಮಾಡಿದ್ದೆ ಹೇಳು."

ನಾನು ಫೋನನ್ನು ಮೇಜಿನ ಹತ್ತಿರ ಹಿಡಿದು ಉಗುರಿನಿಂದ ಒಂದು ಸಲ ತಟ್ಟುತ್ತೇನೆ. ಕಾಯುತ್ತೇನೆ. ಅವಳೂ ಆ ಕಡೆ ಕಾಯುತ್ತಾಳೆ. ಆಮೇಲೆ ಇನ್ನೊಂದು ಸಲ ತಟ್ಟುತ್ತೇನೆ.